ರೋಗ, ಕೀಟಗಳಿಗೆ ಜಗ್ಗದ ಚಳಿಗಾಲದ ಗೋಧಿ: ತಳಿ ರೂಪಿಸುವ ಸಮಗ್ರ ಮಾರ್ಗದರ್ಶಿ

ತುಕ್ಕು ರೋಗ ಹಬ್ಬಿದ ತಾಕಿನಲ್ಲಿ ಒಂದೇ ಒಂದು ಗಿಡ ಚುಕ್ಕೆಯಿಲ್ಲದೆ ಹಸಿರಾಗಿ ನಿಂತಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅದನ್ನೇ ಆರಿಸಿಕೊಳ್ಳೋಣ ಅನ್ನಿಸುತ್ತದೆ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಗಿಡ ಇರಬಹುದು. ಎಲೆಯ ಮೇಲೆ ಅಲ್ಲಲ್ಲಿ ತುಕ್ಕು ಇದೆ, ಆದರೂ ತೆನೆ ಚೆನ್ನಾಗಿ ತುಂಬಿದೆ. ಹತ್ತು ವರ್ಷ ಬಾಳುವ ತಳಿ ಬೇಕಾದರೆ ಎಷ್ಟೋ ಸಲ ಈ ಎರಡನೆಯ ಗಿಡವೇ ಬೇಕಾಗುತ್ತದೆ. ಹಾಗಂತ ಮೊದಲನೆಯದನ್ನು ಎಸೆಯಬೇಕಿಲ್ಲ. ಎರಡನ್ನೂ ಯಾವಾಗ, ಹೇಗೆ ಬಳಸಬೇಕು ಎಂದು ತಿಳಿಯುವುದೇ ಈ ಕೆಲಸದ ಮುಖ್ಯ ಭಾಗ.

ಚಳಿಗಾಲದ ಗೋಧಿಯನ್ನು ಚಳಿ ಶುರುವಾಗುವ ಮೊದಲು ಬಿತ್ತುತ್ತಾರೆ. ಸಸಿ ಹಿಮದ ತಿಂಗಳುಗಳನ್ನು ನೆಲಕ್ಕೆ ಅಂಟಿಕೊಂಡು ಕಳೆಯುತ್ತದೆ, ವಸಂತದಲ್ಲಿ ಎದ್ದು ಬೇಸಿಗೆಗೆ ಕೊಯ್ಲಿಗೆ ಬರುತ್ತದೆ. ತಣ್ಣನೆಯ ದಿನಗಳನ್ನು ದಾಟದೆ ಇದು ಸರಿಯಾಗಿ ತೆನೆ ಬಿಡುವುದಿಲ್ಲ. ಸುಮಾರು ಒಂಬತ್ತು ತಿಂಗಳು ಹೊಲದಲ್ಲಿ ನಿಲ್ಲುವುದರಿಂದ ರೋಗ, ಕೀಟಗಳಿಗೂ ಒಂಬತ್ತು ತಿಂಗಳ ಅವಕಾಶ. ಮೊದಲ ಸಂಕರದಿಂದ ಬಿಡುಗಡೆಯಾದ ತಳಿಯವರೆಗೆ ಸಾಮಾನ್ಯವಾಗಿ 10ರಿಂದ 12 ವರ್ಷ ಹಿಡಿಯುತ್ತದೆ. ಹಾಗಾಗಿ ಮೊದಲ ಹೆಜ್ಜೆಯನ್ನು ಯೋಚಿಸಿಯೇ ಇಡಬೇಕು.

ಹಂತ 1: ಯಾರ ವಿರುದ್ಧ ಹೋರಾಟ?

ಎಲ್ಲ ರೋಗಕ್ಕೂ ನಿರೋಧಕವಾದ ತಳಿ ಮಾಡುತ್ತೇನೆ ಎಂದು ಹೊರಟರೆ ಏನೂ ಆಗುವುದಿಲ್ಲ. ತಳಿ ಬೆಳೆಯಬೇಕಾದ ಪ್ರದೇಶದಲ್ಲಿ ನಿಜವಾಗಿ ಇಳುವರಿ ಕಡಿಮೆ ಮಾಡುವ ಎರಡು ಮೂರು ಶತ್ರುಗಳನ್ನು ಗುರುತಿಸಿ. ಉಳಿದವಕ್ಕೆ ತೀರಾ ಸುಲಭವಾಗಿ ಬೀಳದಿದ್ದರೆ ಸಾಕು.

ಚಳಿಗಾಲದ ಗೋಧಿಯಲ್ಲಿ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ. ತಂಪು, ತೇವ ಜಾಸ್ತಿ ಇರುವ ಕಡೆ ಹಳದಿ ತುಕ್ಕು, ಬೂದಿ ರೋಗ, ಸೆಪ್ಟೋರಿಯಾ ಎಲೆ ಮಚ್ಚೆ, ಬುಡದ ಕಾಂಡಕ್ಕೆ ಬರುವ ಕಣ್ಣುಚುಕ್ಕೆ ರೋಗ. ಸ್ವಲ್ಪ ಬೆಚ್ಚಗಿನ ವಸಂತ ಇದ್ದರೆ ಎಲೆ ತುಕ್ಕು, ಕಾಂಡ ತುಕ್ಕು. ಹೂ ಬಿಡುವಾಗ ಮಳೆ ಬೀಳುವ ಕಡೆ, ಅದರಲ್ಲೂ ಹಿಂದಿನ ಬೆಳೆ ಮೆಕ್ಕೆಜೋಳವಾಗಿದ್ದರೆ, ಫ್ಯುಸೇರಿಯಂ ತೆನೆ ಒಣಗು ರೋಗ. ಒಣ ಬಯಲುಗಳಲ್ಲಿ ನುಸಿ ಹರಡುವ ಗೋಧಿ ಗೆರೆ ಮೊಸಾಯಿಕ್ ವೈರಸ್, ಕಾಂಡ ಕೊರೆಯುವ ಗರಗಸ ನೊಣ, ರಷ್ಯನ್ ಗೋಧಿ ಹೇನು. ಹೆಸ್ಸಿಯನ್ ನೊಣ ಹಲವು ಕಡೆ ಇದೆ. ಸಸ್ಯಹೇನುಗಳಿಂದ ಹರಡುವ ಹಳದಿ ಕುಬ್ಜ ವೈರಸ್ ಬಹುಪಾಲು ಎಲ್ಲೆಡೆ ಇದೆ.

ಪಟ್ಟಿ ಮಾಡಿದ ಮೇಲೆ ಪ್ರತಿ ಶತ್ರುವಿನ ಮುಂದೆ ಎರಡು ವಿಷಯ ಬರೆಯಿರಿ. ಒಂದು, ಅದು ಎಷ್ಟು ಬೇಗ ರೂಪ ಬದಲಿಸುತ್ತದೆ? ತುಕ್ಕು ಶಿಲೀಂಧ್ರದ ಬೀಜಕಗಳು ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗುತ್ತವೆ. ಹೊಸ ತಳಿಯ ನಿರೋಧಕತೆಯನ್ನು ಮುರಿಯುವ ರೂಪ ಬಹಳ ಬೇಗ ಹುಟ್ಟುತ್ತದೆ. ಮಣ್ಣಿನಲ್ಲಿ ಉಳಿಯುವ ರೋಗಗಳು ಅಷ್ಟು ಚುರುಕಲ್ಲ. ಎರಡು, ಅದನ್ನು ಔಷಧಿಯಿಂದ ಹಿಡಿಯಬಹುದಾ? ವೈರಸ್‌ಗೆ ಔಷಧಿ ಇಲ್ಲ. ಕಾಂಡದೊಳಗೆ ಕೂತ ಮರಿಹುಳುವಿಗೆ ಸಿಂಪಡಣೆ ತಾಗುವುದಿಲ್ಲ. ಇಂಥವುಗಳಿಗೇ ತಳಿಯ ನಿರೋಧಕ ಶಕ್ತಿ ಮೊದಲು ಬೇಕು.

ಹಂತ 2: ಎರಡು ಬಗೆಯ ನಿರೋಧಕತೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಂತಿವೆ.

ನಿರೋಧಕತೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಲೆಕ್ಕಾಚಾರವಾಗಿ ಬರುತ್ತದೆ ಎಂದು ಮೊದಲು ತೋರಿಸಿದವರು ಕೇಂಬ್ರಿಡ್ಜ್‌ನ ರೋಲೆಂಡ್ ಬಿಫೆನ್. 1905ರಲ್ಲಿ, ಹಳದಿ ತುಕ್ಕಿನ ಮೇಲೆ. ಮುಂದೆ 1940ರ ದಶಕದಲ್ಲಿ ಎಚ್.ಎಚ್. ಫ್ಲೋರ್ ಅಗಸೆಯ ತುಕ್ಕಿನ ಮೇಲೆ ಕೆಲಸ ಮಾಡಿ ಇನ್ನೊಂದು ಅಂಶ ಕಂಡುಕೊಂಡರು. ಗಿಡದ ಪ್ರತಿ ನಿರೋಧಕ ಜೀನ್‌ಗೆ ಎದುರಾಗಿ ರೋಗಾಣುವಿನಲ್ಲೂ ಒಂದು ಜೀನ್ ಇರುತ್ತದೆ. ಗಿಡ ಅದನ್ನು ಗುರುತು ಹಿಡಿದರೆ ಆ ಜಾಗದ ಜೀವಕೋಶಗಳನ್ನೇ ಸಾಯಿಸಿ ರೋಗವನ್ನು ನಿಲ್ಲಿಸುತ್ತದೆ. ರೋಗಾಣು ತನ್ನ ಗುರುತು ಬದಲಿಸಿದರೆ ಗಿಡಕ್ಕೆ ಅದು ಬಂದದ್ದೇ ಗೊತ್ತಾಗುವುದಿಲ್ಲ.

ಮೊದಲ ಬಗೆ ಇದೇ: ಒಂದೇ ದೊಡ್ಡ ಜೀನ್, ಸಸಿ ಹಂತದಿಂದಲೇ ಕೆಲಸ, ಎಲೆ ಪೂರ್ತಿ ಶುಚಿ. ಆರಿಸುವುದು ಸುಲಭ, ನೋಡಲು ಚೆಂದ. ಆದರೆ ಒಮ್ಮೆ ಮುರಿದರೆ ಪೂರ್ತಿ ಮುರಿಯುತ್ತದೆ. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್31 ಜೀನ್ ಕಾಂಡ ತುಕ್ಕನ್ನು ದಶಕಗಟ್ಟಲೆ ತಡೆದಿತ್ತು. ಪ್ರಪಂಚದ ಎಷ್ಟೋ ತಳಿಗಳಲ್ಲಿ ಅದೇ ಇತ್ತು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ಮುರಿಯುವ ರೂಪ ಸಿಕ್ಕಿತು. ಯುಜಿ99 ಎಂದು ಹೆಸರಾದ ಅದು ಕೀನ್ಯಾ, ಇಥಿಯೋಪಿಯಾ ದಾಟಿ ಯೆಮನ್, ಇರಾನ್‌ವರೆಗೂ ಹೋಯಿತು. ಹಳದಿ ತುಕ್ಕಿನಲ್ಲೂ ಇದೇ ಕತೆ. ವೈಆರ್17 ಜೀನ್ 1990ರ ದಶಕದಲ್ಲಿ ಉತ್ತರ ಯುರೋಪಿನಲ್ಲಿ ಕೈಕೊಟ್ಟಿತು. 2011ರಲ್ಲಿ ಅಲ್ಲೇ ವಾರಿಯರ್ ಎಂಬ ಹೊಸ ರೂಪ ಹಬ್ಬಿತು.

ಎರಡನೆಯ ಬಗೆ ನಿಧಾನದ್ದು. ಸಸಿಯಲ್ಲಿ ಕಾಣುವುದೇ ಇಲ್ಲ, ಗಿಡ ಬಲಿತ ಮೇಲೆ ಕೆಲಸ ಶುರು. ರೋಗ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಚುಕ್ಕೆ ಸಣ್ಣದು, ಬೀಜಕ ಕಡಿಮೆ, ಹರಡುವಿಕೆ ನಿಧಾನ. ಇದರಲ್ಲಿ ಹೆಸರುವಾಸಿಯಾದದ್ದು ಎಲ್‌ಆರ್34. ಎಲೆ ತುಕ್ಕು, ಹಳದಿ ತುಕ್ಕು, ಕಾಂಡ ತುಕ್ಕು, ಬೂದಿ ರೋಗ ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ತಡೆ ಕೊಡುತ್ತದೆ. ಹಳೆಯ ಪ್ರಸಿದ್ಧ ಚಳಿಗಾಲದ ತಳಿ ಬೆಜೋಸ್ತಾಯಾ 1ರಲ್ಲಿ ಇದು ಇದೆ. ಇಷ್ಟು ಕಾಲವಾದರೂ ಯಾವ ರೂಪವೂ ಇದನ್ನು ಪೂರ್ತಿ ಮುರಿದಿಲ್ಲ. ಎಲ್‌ಆರ್46, ಎಲ್‌ಆರ್67, ಎಸ್‌ಆರ್2 ಇದೇ ಸಾಲಿನವು. ಒಂದೊಂದೇ ಇದ್ದರೆ ರೋಗದ ಒತ್ತಡ ಜಾಸ್ತಿಯಾದಾಗ ಸಾಲದು. ಮೂರು ನಾಲ್ಕು ಸೇರಿದರೆ ದೊಡ್ಡ ಜೀನ್‌ನ ಹತ್ತಿರ ಹತ್ತಿರ ಬರುತ್ತವೆ.

ನನ್ನ ಸಲಹೆ: ಅಡಿಪಾಯಕ್ಕೆ ಎರಡು ಮೂರು ನಿಧಾನದ ಜೀನ್‌ಗಳು, ಅದರ ಮೇಲೆ ಇನ್ನೂ ಮುರಿಯದ ಎರಡು ದೊಡ್ಡ ಜೀನ್‌ಗಳು. ದೊಡ್ಡ ಜೀನನ್ನು ಒಂಟಿಯಾಗಿ ಬಿಡುಗಡೆ ಮಾಡಬೇಡಿ. ಹಾಗೆ ಮಾಡಿದರೆ ನಿಮ್ಮ ತಳಿಯೊಂದಿಗೆ ಆ ಜೀನ್ ಇರುವ ಬೇರೆಯವರ ತಳಿಯೂ ಹಾಳಾಗುತ್ತದೆ.

ಹಂತ 3: ದಾನಿ ತಳಿಗಳನ್ನು ಹುಡುಕುವುದು

ಮೊದಲು ನಿಮ್ಮ ಪ್ರದೇಶಕ್ಕೆ ಒಗ್ಗಿದ, ಇಳುವರಿ ಕೊಡುವ ಚಳಿಗಾಲದ ತಳಿಗಳನ್ನು ನೋಡಿ. ಅದರಲ್ಲೇ ಬೇಕಾದ ಜೀನ್ ಇದ್ದರೆ ಅದಕ್ಕಿಂತ ಒಳ್ಳೆಯ ದಾನಿ ಬೇರೆ ಇಲ್ಲ. ಸಿಗದಿದ್ದರೆ ದೂರದ ಚಳಿಗಾಲದ ತಳಿ. ಆಮೇಲೆ ವಸಂತ ಗೋಧಿ, ಅಂದರೆ ತಣ್ಣನೆಯ ದಿನಗಳನ್ನು ದಾಟದೆಯೇ ತೆನೆ ಬಿಡುವ ಗೋಧಿ. ಕೊನೆಗೆ ಹಳೆಯ ನಾಟಿ ತಳಿಗಳು, ಕಾಡು ಬಂಧುಗಳು. ಜೀನ್ ಬ್ಯಾಂಕುಗಳು ಸಂಶೋಧನೆಗೆ ಸಣ್ಣ ಪ್ರಮಾಣದ ಬೀಜ ಕೊಡುತ್ತವೆ. ಅದರ ಜೊತೆ ಬರುವ ಒಪ್ಪಂದವನ್ನು ಸುಮ್ನೆ ಸಹಿ ಹಾಕಿ ಬದಿಗಿಡಬೇಡಿ, ಓದಿ. ತಳಿ ಮಾರುವಾಗ ಅದರ ಷರತ್ತುಗಳು ಎದುರಾಗುತ್ತವೆ.

ವಸಂತ ಗೋಧಿಯನ್ನು ದಾನಿಯಾಗಿ ತಂದರೆ ಒಂದು ತೊಡಕು ಇದೆ. ಉದಾಹರಣೆಗೆ ತೆನೆ ಒಣಗು ರೋಗಕ್ಕೆ ಅತ್ಯಂತ ಹೆಸರಾದ ಎಫ್‌ಎಚ್‌ಬಿ1 ಜೀನ್ ಚೀನಾದ ಸುಮೈ 3 ತಳಿಯಿಂದ ಬಂದದ್ದು. ಅದು ವಸಂತ ಸ್ವಭಾವದ್ದು. ವಸಂತ ಸ್ವಭಾವ ಪ್ರಬಲ ಗುಣ. ಹಾಗಾಗಿ ಮೊದಲ ಪೀಳಿಗೆಯ ಗಿಡಗಳೆಲ್ಲ ವಸಂತದವೇ ಆಗಿರುತ್ತವೆ. ಒಂದೇ ಜೀನ್ ವ್ಯತ್ಯಾಸವಿದ್ದರೆ ಎರಡನೆಯ ಪೀಳಿಗೆಯಲ್ಲಿ ಕಾಲು ಭಾಗ ಮಾತ್ರ ಚಳಿಗಾಲದ್ದು. ಎರಡು ಜೀನ್ ಆದರೆ ಹದಿನಾರಕ್ಕೆ ಒಂದು. ಇದನ್ನು ಮೊದಲೇ ಲೆಕ್ಕ ಹಾಕಿ ಜಾಸ್ತಿ ಗಿಡ ಬೆಳೆಸಿ. ಇಲ್ಲವೇ ಮೊದಲ ಪೀಳಿಗೆಯನ್ನು ಮತ್ತೆ ಚಳಿಗಾಲದ ತಳಿಗೆ ಹಾಯಿಸಿ.

ಕಾಡು ಬಂಧುಗಳಿಂದ, ರೈಯಂಥ ದೂರದ ಬಂಧುಗಳಿಂದ ಬಂದ ಕ್ರೋಮೋಸೋಮ್ ತುಂಡುಗಳ ಜೊತೆ ಬೇಡದ ಗುಣಗಳೂ ಬರುತ್ತವೆ. ಎಸ್‌ಆರ್31 ಹೊತ್ತ ರೈ ತುಂಡಿನಿಂದ ಹಿಟ್ಟು ಅಂಟಾಗುತ್ತದೆ ಎಂದು ಬ್ರೆಡ್ ಮಾಡುವವರು ದೂರಿದ್ದು ಇದೇ ಕಾರಣಕ್ಕೆ. ಇಂಥ ತುಂಡನ್ನು ಬೇರೆಯವರು ಈಗಾಗಲೇ ಚಿಕ್ಕದು ಮಾಡಿ, ಒಳ್ಳೆಯ ತಳಿಯೊಳಗೆ ಇಟ್ಟಿದ್ದಾರಾ ನೋಡಿ. ಮೂಲ ಕಾಡು ಗಿಡದಿಂದಲೇ ಶುರು ಮಾಡುವ ಹಟ ಬೇಡ.

ಹಂತ 4: ಸಂಕರ ಮಾಡುವುದು

ಗೋಧಿ ತನ್ನ ಹೂವಿಗೆ ತಾನೇ ಪರಾಗ ಹಾಕಿಕೊಳ್ಳುವ ಬೆಳೆ. ಆದ್ದರಿಂದ ಸಂಕರಕ್ಕೆ ಕೈಕೆಲಸ ಬೇಕೇ ಬೇಕು.

ಗ್ರೀನ್‌ಹೌಸ್‌ನಲ್ಲಿ ಮಾಡುವುದಾದರೆ ಮೊಳಕೆಯೊಡೆದ ಸಸಿಗಳನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದಿನಕ್ಕೆ 8 ಗಂಟೆ ಮಂದ ಬೆಳಕಿನಲ್ಲಿ 6ರಿಂದ 8 ವಾರ ಇಡಿ. ತೀರಾ ಗಟ್ಟಿ ಚಳಿಗಾಲದ ತಳಿಗೆ 8 ವಾರವೇ ಇರಲಿ. ಇದರಲ್ಲಿ ಜಿಪುಣತನ ಮಾಡಿದರೆ ಗಿಡ ಹುಲ್ಲಿನ ಹಾಗೆ ತೆಂಡೆ ಒಡೆಯುತ್ತಲೇ ಇರುತ್ತದೆ, ತೆನೆ ಬರುವುದಿಲ್ಲ. ಆಮೇಲೆ ಕುಂಡಕ್ಕೆ ಹಾಕಿ ಬೆಚ್ಚಗಿನ ಜಾಗಕ್ಕೆ ತನ್ನಿ. ಎರಡು ತಳಿ ಒಂದೇ ಹೊತ್ತಿಗೆ ಹೂ ಬಿಡಲಿ ಎಂದು ಪ್ರತಿಯೊಂದರ ಸಸಿಗಳನ್ನೂ ವಾರದ ಅಂತರದಲ್ಲಿ ಮೂರು ಕಂತುಗಳಾಗಿ ಹೊರತನ್ನಿ.

ಹೆಣ್ಣು ಗಿಡದ ತೆನೆ ಹೊದಿಕೆಯಿಂದ ಅರ್ಧ ಹೊರಬಂದು, ಪರಾಗಕೋಶ ಇನ್ನೂ ಹಸಿರಾಗಿದ್ದಾಗ ಕೆಲಸ ಶುರು. ಹಳದಿಯಾಗಿದ್ದರೆ ತಡವಾಯಿತು, ಆ ತೆನೆ ಬಿಡಿ. ತುದಿ ಮತ್ತು ಬುಡದ ಕಿರುತೆನೆಗಳನ್ನು ಕಿತ್ತು, ನಡುವಿನ 10-12 ಮಾತ್ರ ಉಳಿಸಿ. ಪ್ರತಿ ಕಿರುತೆನೆಯ ನಡುವಿನ ಹೂಗಳನ್ನು ಚಿಮುಟದಿಂದ ಎಳೆದು ತೆಗೆಯಿರಿ. ಅಂಚಿನ ಎರಡು ಹೂ ಸಾಕು. ಅವುಗಳ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಒಳಗಿನ ಮೂರೂ ಪರಾಗಕೋಶ ತೆಗೆಯಿರಿ. ಒಂದು ಉಳಿದರೂ ಆ ಹೂ ಸ್ವಂತ ಬೀಜ ಕಟ್ಟುತ್ತದೆ. ತೆನೆಗೆ ಕಾಗದದ ಚೀಲ ಹಾಕಿ ತಳಿಯ ಹೆಸರು, ದಿನಾಂಕ ಬರೆಯಿರಿ.

ಎರಡರಿಂದ ನಾಲ್ಕು ದಿನದಲ್ಲಿ ಹೆಣ್ಣು ಹೂವಿನ ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಗರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆಗ ಗಂಡು ತಳಿಯಿಂದ ಹಳದಿ ಪರಾಗಕೋಶ ಹೊರಚಾಚುತ್ತಿರುವ ತೆನೆ ತಂದು, ಚೀಲದ ಮೇಲ್ತುದಿ ಕತ್ತರಿಸಿ, ತೆನೆಯನ್ನು ತಲೆಕೆಳಗಾಗಿ ಒಳಗೆ ಇಳಿಸಿ ಬೆರಳಿನಲ್ಲಿ ತಿರುಗಿಸಿ. ಗೋಧಿಯ ಪರಾಗ ಅರ್ಧ ಗಂಟೆಯೂ ಬಾಳುವುದು ಕಷ್ಟ. ದೂರದಿಂದ ತಂದು ಹಾಕುವ ಯೋಚನೆ ಬೇಡ. ಬೆಳಗಿನ ಹೊತ್ತು ಮಾಡಿ, ಚೀಲದ ಬಾಯಿ ಮತ್ತೆ ಮಡಚಿ ಪಿನ್ ಹಾಕಿ. ಸುಮಾರು ಒಂದು ತಿಂಗಳಿಗೆ ಬೀಜ ಸಿದ್ಧ. ಕತ್ತರಿಸಿದ ಹೂವಿನ ಬೀಜ ಸುಕ್ಕಾಗಿರುತ್ತದೆ, ಗಾಬರಿ ಬೇಡ, ಮೊಳೆಯುತ್ತದೆ.

ಮೊದಲ ಪೀಳಿಗೆಯ ಗಿಡ ನಿಜವಾಗಿ ಸಂಕರವೇ ಎಂದು ಖಾತರಿ ಮಾಡಿಕೊಳ್ಳಿ. ಗಂಡು ತಳಿಯಲ್ಲಿ ಮಾತ್ರ ಇರುವ ಪ್ರಬಲ ಗುಣ ಅಥವಾ ಮಾರ್ಕರ್ (ಡಿಎನ್‌ಎ ಗುರುತು) ಕಂಡರೆ ಸರಿ. ಇಲ್ಲಿ ಒಂದು ಸ್ವಂತ ಬೀಜ ನುಸುಳಿದರೆ ಅದರ ಹಿಂದೆ ವರ್ಷಗಟ್ಟಲೆ ಕೆಲಸ ವ್ಯರ್ಥವಾಗುತ್ತದೆ.

ಹಂತ 5: ಪೀಳಿಗೆಗಳನ್ನು ಮುಂದಕ್ಕೆ ಒಯ್ಯುವ ದಾರಿ

ಇಲ್ಲಿ ಲೆಕ್ಕ ಮಾತಾಡುತ್ತದೆ. ನಾಲ್ಕು ಜೀನ್ ಒಟ್ಟಿಗೆ ಬೇಕು ಎಂದಿಟ್ಟುಕೊಳ್ಳಿ. ಎರಡನೆಯ ಪೀಳಿಗೆಯಲ್ಲಿ ನಾಲ್ಕೂ ಜೀನ್ ಶುದ್ಧವಾಗಿ ಸ್ಥಿರವಾದ, ಅಂದರೆ ಪ್ರತಿ ಜೀನ್‌ನ ಎರಡೂ ಪ್ರತಿ ಬೇಕಾದದ್ದೇ ಇರುವ ಗಿಡ 256ಕ್ಕೆ ಒಂದು. ಕನಿಷ್ಠ ಒಂದಾದರೂ ಸಿಗಬಹುದೆಂದು ಶೇ 95ರಷ್ಟು ಭರವಸೆ ಬೇಕಾದರೆ ಸುಮಾರು 770 ಗಿಡ ಪರೀಕ್ಷಿಸಬೇಕು. ಆ ಒಂದು ಗಿಡಕ್ಕೆ ಚಳಿ ತಡೆಯುವ ಶಕ್ತಿ, ಇಳುವರಿ, ಗುಣಮಟ್ಟ ಎಲ್ಲ ಇರುತ್ತದೆ ಎಂದೇನಿಲ್ಲ ಅಲ್ವಾ?

ಇದಕ್ಕೆ ಜಾಣ ದಾರಿ ಇದೆ. ಎರಡನೆಯ ಪೀಳಿಗೆಯಲ್ಲಿ ಶುದ್ಧ ಗಿಡ ಹುಡುಕಬೇಡಿ. ನಾಲ್ಕರಲ್ಲೂ ಕನಿಷ್ಠ ಒಂದೊಂದು ಪ್ರತಿ ಇರುವ ಗಿಡಗಳನ್ನು ಉಳಿಸಿ. ಅವು ನೂರಕ್ಕೆ ಸುಮಾರು 32 ಸಿಗುತ್ತವೆ. ಉಳಿದವನ್ನು ಬಿಟ್ಟರೆ ಮುಂದಿನ ಪೀಳಿಗೆಗಳಲ್ಲಿ ಬೇಕಾದ್ದು ಸಿಗುವ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚುತ್ತದೆ.

ಜೋಡಿ ಏಕಗುಣಿತ ವಿಧಾನದಲ್ಲಿ ಲೆಕ್ಕ ಇನ್ನೂ ಹಗುರ. ಮೊದಲ ಪೀಳಿಗೆಯ ಗೋಧಿ ಹೂವಿಗೆ ಮೆಕ್ಕೆಜೋಳದ ಪರಾಗ ಹಾಕುತ್ತಾರೆ. ಭ್ರೂಣ ಬೆಳೆಯುವಾಗ ಮೆಕ್ಕೆಜೋಳದ ಕ್ರೋಮೋಸೋಮುಗಳು ತಾವಾಗಿಯೇ ಕಳಚಿಹೋಗುತ್ತವೆ. ಗೋಧಿಯ 21 ಮಾತ್ರ ಉಳಿಯುತ್ತವೆ. ಎರಡು ವಾರ ಕಳೆದ ಮೇಲೆ ಭ್ರೂಣವನ್ನು ಹೊರತೆಗೆದು ಗಾಜಿನ ನಳಿಕೆಯಲ್ಲಿ ಬೆಳೆಸಿ, ಸಸಿಯ ಬುಡವನ್ನು ಕೊಲ್ಚಿಸಿನ್ ದ್ರಾವಣದಲ್ಲಿಟ್ಟರೆ 21 ಎರಡಾಗಿ 42 ಆಗುತ್ತದೆ. ಗಿಡ ಒಂದೇ ಹೆಜ್ಜೆಯಲ್ಲಿ ಪೂರ್ತಿ ಶುದ್ಧ. ನಾಲ್ಕು ಜೀನ್ ಇರುವ ಸಾಲು ಹದಿನಾರಕ್ಕೆ ಒಂದು, 47 ಸಾಲುಗಳಲ್ಲಿ ಅದೇ ಶೇ 95 ಭರವಸೆ. ಕೊಲ್ಚಿಸಿನ್ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ. ಲ್ಯಾಬ್ ಬೇಕು, ದುಡ್ಡೂ ಬೇಕು. ಆದರೆ ಚಳಿಗಾಲದ ಗೋಧಿಗೆ ಪ್ರತಿ ಪೀಳಿಗೆಗೂ ತಣ್ಣನೆಯ ವಾರಗಳನ್ನು ಕೊಡಬೇಕಾಗುವುದರಿಂದ ಇಲ್ಲಿ ಉಳಿಯುವ ವರ್ಷಗಳಿಗೆ ವಸಂತ ಗೋಧಿಗಿಂತ ಬೆಲೆ ಜಾಸ್ತಿ.

ಲ್ಯಾಬ್ ಇಲ್ಲದವರಿಗೆ ರಾಶಿ ವಿಧಾನ ಒಳ್ಳೆಯದು. ಎರಡರಿಂದ ನಾಲ್ಕನೆಯ ಪೀಳಿಗೆವರೆಗೆ ಎಲ್ಲವನ್ನೂ ಒಟ್ಟಿಗೆ ಬಿತ್ತಿ ಒಟ್ಟಿಗೆ ಕೊಯ್ಯುವುದು. ಚಳಿ ಕಠಿಣವಾಗಿರುವ ಕಡೆ ಬಿತ್ತಿದರೆ ದುರ್ಬಲ ಗಿಡಗಳನ್ನು ಚಳಿಗಾಲವೇ ತೆಗೆದುಹಾಕುತ್ತದೆ, ನಮಗೆ ಕೆಲಸ ಉಳಿಯುತ್ತದೆ. ರೋಗವನ್ನೂ ಬೇಕೆಂದೇ ಹಬ್ಬಿಸಿದರೆ ಇನ್ನೂ ಒಳ್ಳೆಯದು. ಒಂದೇ ಎಚ್ಚರಿಕೆ: ರಾಶಿಯಲ್ಲಿ ಎತ್ತರದ ಗಿಡಗಳು ಕುಳ್ಳ ಗಿಡಗಳನ್ನು ಮರೆಮಾಡಿ ಗೆಲ್ಲುತ್ತವೆ. ತೀರಾ ಎತ್ತರದ ತೆನೆಗಳನ್ನು ಕೊಯ್ಲಿಗೆ ಮೊದಲೇ ಕತ್ತರಿಸಿ ಹಾಕಿ.

ಒಳ್ಳೆಯ ತಳಿಯೊಂದಕ್ಕೆ ಒಂದೇ ಜೀನ್ ಸೇರಿಸಬೇಕಾದರೆ ಬ್ಯಾಕ್‌ಕ್ರಾಸ್, ಅಂದರೆ ಸಂಕರವನ್ನು ಮತ್ತೆ ಮತ್ತೆ ಅದೇ ಒಳ್ಳೆಯ ತಳಿಗೆ ಹಾಯಿಸುವುದು, ಸಾಕು. ಒಳ್ಳೆಯ ತಳಿಯ ಪಾಲು ಮೊದಲ ಬ್ಯಾಕ್‌ಕ್ರಾಸ್‌ನಲ್ಲಿ ಸರಾಸರಿ ಶೇ 75, ಎರಡರಲ್ಲಿ 87.5, ಮೂರರಲ್ಲಿ ಸುಮಾರು 94. ಮೂರಕ್ಕೆ ನಿಲ್ಲಿಸುವುದು ನನಗಿಷ್ಟ. ಆರರವರೆಗೆ ಹೋಗುವಷ್ಟರಲ್ಲಿ ಆ ಒಳ್ಳೆಯ ತಳಿಯೇ ಹಳತಾಗಿರುತ್ತದೆ.

ಹಂತ 6: ರೋಗದ ತಾಕು

ಹೊಲದಲ್ಲಿ ತಾನಾಗಿ ರೋಗ ಬರಲಿ ಎಂದು ಕಾಯುವುದು ವ್ಯರ್ಥ. ಬರುವ ವರ್ಷ ಬರುತ್ತದೆ, ಬಾರದ ವರ್ಷ ಎಲ್ಲ ಗಿಡವೂ ನಿರೋಧಕವಾಗಿ ಕಾಣುತ್ತದೆ. ರೋಗವನ್ನು ನಾವೇ ತರಬೇಕು. ಆದರೆ ಆ ಪ್ರದೇಶದಲ್ಲಿ ಈಗಾಗಲೇ ಇರುವ ರೂಪಗಳನ್ನು ಮಾತ್ರ ಬಳಸಿ. ಹೊರಗಿನ ರೋಗಾಣು ತರುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ.

ತುಕ್ಕಿಗೆ ವ್ಯವಸ್ಥೆ ಹೀಗೆ. ಪರೀಕ್ಷೆಯ ಸಾಲುಗಳ ಸುತ್ತ ಮತ್ತು ನಡುನಡುವೆ ಬೇಗ ತುಕ್ಕು ಹಿಡಿಯುವ ತಳಿಯನ್ನು ಬಿತ್ತಿ. ಇದು ರೋಗ ಹರಡುವ ಸಾಲು. ವಸಂತದಲ್ಲಿ ಗಿಡ ಏಳುತ್ತಿದ್ದಂತೆ ಈ ಸಾಲುಗಳಿಗೆ ಬೀಜಕಗಳನ್ನು ಹಗುರ ಖನಿಜ ಎಣ್ಣೆಯಲ್ಲಿ ಬೆರೆಸಿ ಸಂಜೆ ಸಿಂಪಡಿಸಿ. ರಾತ್ರಿ ಇಬ್ಬನಿ ಬೀಳಬೇಕು. ಹಳದಿ ತುಕ್ಕು ಮೊಳೆಯಲು 7ರಿಂದ 12 ಡಿಗ್ರಿ ತಂಪು ಬೇಕು. ಎಲೆ ತುಕ್ಕಿಗೆ 15ರಿಂದ 20 ಡಿಗ್ರಿ. ಅಲ್ಲಿಂದ ಗಾಳಿ ಉಳಿದ ಕೆಲಸ ಮಾಡುತ್ತದೆ.

ಅಂಕ ಹಾಕುವುದು ತೆನೆ ಹೊರಬಂದ ಮೇಲೆ, ಧ್ವಜ ಎಲೆಗೆ (ತೆನೆಯ ಕೆಳಗಿನ ಕೊನೆಯ ಎಲೆ). ಎರಡು ಅಂಶ ಬರೆಯಬೇಕು: ಎಷ್ಟು ತುಕ್ಕು, ಯಾವ ಬಗೆಯ ಚುಕ್ಕೆ. ಎಷ್ಟು ಎಂಬುದಕ್ಕೆ ಪರಿಷ್ಕೃತ ಕಾಬ್ ಅಳತೆ ಬಳಕೆಯಲ್ಲಿದೆ. ಅದರಲ್ಲಿ 100 ಎಂದರೆ ಎಲೆಯ ನಿಜವಾದ ಶೇ 37ರಷ್ಟು ಜಾಗ ತುಕ್ಕು. ಗೊತ್ತಿಲ್ಲದೆ ಅಂದಾಜಿನಲ್ಲಿ ಬರೆದರೆ ಅಂಕ ಎಲ್ಲ ಕೆಳಗೆ ಬೀಳುತ್ತದೆ. ಚುಕ್ಕೆಯ ಬಗೆಯನ್ನು ನಿರೋಧಕ, ಅರೆ ನಿರೋಧಕ, ಅರೆ ದುರ್ಬಲ, ದುರ್ಬಲ ಎಂದು ಗುರುತಿಸಿ.

ಒಂದೇ ಸಲ ಅಂಕ ಹಾಕಿ ಮುಗಿಸಬೇಡಿ. ನಿಧಾನದ ನಿರೋಧಕತೆ ಕಾಣುವುದು ವೇಗದಲ್ಲಿ. ಹತ್ತು ದಿನಗಳ ಅಂತರದಲ್ಲಿ ಮೂರು ಸಲ ನೋಡಿ. ಎರಡು ಅಂಕಗಳ ಸರಾಸರಿಯನ್ನು ನಡುವಿನ ದಿನಗಳಿಂದ ಗುಣಿಸಿ, ಹಾಗೇ ಎಲ್ಲ ಅವಧಿಗಳದ್ದನ್ನೂ ಕೂಡಿಸಿ. ಒಂದು ಸಾಲು 5, 10, 20 ಎಂದು ಹೋದರೆ ಮೊತ್ತ 75 ಕೂಡಿಸು 150, ಅಂದರೆ 225. ಇನ್ನೊಂದು 5, 40, 80 ಎಂದು ಹೋದರೆ 225 ಕೂಡಿಸು 600, ಅಂದರೆ 825. ಮೊದಲ ದಿನ ಎರಡೂ ಒಂದೇ ಥರ ಕಂಡಿದ್ದವು.

ಇದರ ಜೊತೆ ಗ್ರೀನ್‌ಹೌಸ್‌ನಲ್ಲಿ ಅದೇ ಸಾಲುಗಳ ಸಸಿಗಳಿಗೂ ತುಕ್ಕು ಹಾಕಿ ನೋಡಿ. ಅಲ್ಲಿ 0ರಿಂದ (ಶುಚಿ) 4ರವರೆಗಿನ (ಪೂರ್ತಿ ತುಕ್ಕು) ಅಳತೆ. ಈಗ ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಇಡಿ. ಸಸಿಯೂ ಶುಚಿ, ಬಲಿತ ಗಿಡವೂ ಶುಚಿ ಆದರೆ ದೊಡ್ಡ ಜೀನ್ ಇದೆ. ಅದರ ಅಡಿಯಲ್ಲಿ ನಿಧಾನದ ಜೀನ್ ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಸಸಿಗೆ ಪೂರ್ತಿ ತುಕ್ಕು, ಹೊಲದಲ್ಲಿ ಮಾತ್ರ 20ಕ್ಕೆ ನಿಂತಿದೆ ಅಂದರೆ ಅದೇ ನಾವು ಹುಡುಕುತ್ತಿದ್ದ ಗಿಡ. ಎಲ್‌ಆರ್34 ಇದ್ದರೆ ಧ್ವಜ ಎಲೆಯ ತುದಿ ಒಣಗಿರುವುದೂ ಕಾಣಬಹುದು. ಅದನ್ನು ರೋಗವೆಂದು ತಿಳಿದು ಕಿತ್ತು ಹಾಕಬೇಡಿ.

ತೆನೆ ಒಣಗು ರೋಗ ಬೇರೆಯದೇ ಸ್ವಭಾವದ್ದು. ಪೂರ್ತಿ ನಿರೋಧಕವಾದ ಗೋಧಿ ಇಲ್ಲವೇ ಇಲ್ಲ. ರೋಗ ಹತ್ತಿದ ಮೆಕ್ಕೆಜೋಳದ ಕಾಳುಗಳನ್ನು ಹೂ ಬಿಡುವ ಎರಡು ಮೂರು ವಾರ ಮೊದಲು ತಾಕಿನಲ್ಲಿ ಚೆಲ್ಲಿ, ಹೂ ಬಿಟ್ಟ ದಿನಗಳಲ್ಲಿ ಮಂಜಿನಂತೆ ನೀರು ಸಿಂಪಡಿಸಿ. ಆಯ್ದ ಸಾಲುಗಳಿಗೆ ತೆನೆಯ ನಡುವಿನ ಒಂದು ಹೂವಿಗೆ ಮಿಲಿ ಲೀಟರಿಗೆ 1 ಲಕ್ಷ ಬೀಜಕಗಳಿರುವ ದ್ರಾವಣದ ಸಣ್ಣ ಹನಿ ಹಾಕಿ. 21 ದಿನ ಬಿಟ್ಟು ಎಷ್ಟು ಕಿರುತೆನೆ ಬೆಳ್ಳಗಾಗಿದೆ ಎಣಿಸಿದರೆ ಒಳಗೆ ಎಷ್ಟು ಹರಡಿತು ಎಂದು ತಿಳಿಯುತ್ತದೆ. ಎಫ್‌ಎಚ್‌ಬಿ1 ತಡೆಯುವುದು ಈ ಹರಡುವಿಕೆಯನ್ನೇ. ಕಾಳಿನಲ್ಲಿ ಡಾನ್ ಎಂಬ ವಿಷ ಎಷ್ಟಿದೆ ಎಂದೂ ಅಳೆಯಿಸಿ. ತೆನೆ ಚೆನ್ನಾಗಿ ಕಂಡರೂ ಕಾಳಿನಲ್ಲಿ ವಿಷ ಇರುವುದುಂಟು. ಈ ತಾಕಿನ ಕಾಳನ್ನು ಜನರಿಗೂ ಜಾನುವಾರಿಗೂ ಹಾಕಬೇಡಿ.

ಹೂ ಬಿಟ್ಟ ದಿನಾಂಕ, ಗಿಡದ ಎತ್ತರ ಎರಡನ್ನೂ ಪ್ರತಿ ಸಾಲಿಗೂ ಬರೆಯಲೇಬೇಕು. ಮಳೆ ನಿಂತ ಮೇಲೆ ಹೂ ಬಿಟ್ಟ ಸಾಲು ತೆನೆ ರೋಗದಿಂದ ತಪ್ಪಿಸಿಕೊಳ್ಳುತ್ತದೆ. ಸೆಪ್ಟೋರಿಯಾದ ಬೀಜಕಗಳು ಕೆಳಗಿನ ಎಲೆಯಿಂದ ಮಳೆಹನಿಗೆ ಸಿಡಿದು ಮೇಲೇರುತ್ತವೆ. ಎತ್ತರದ ಗಿಡಕ್ಕೆ ಅವು ತಲುಪುವುದು ಕಷ್ಟ. ಇವೆಲ್ಲ ತಪ್ಪಿಸಿಕೊಳ್ಳುವಿಕೆ, ನಿರೋಧಕತೆ ಅಲ್ಲ. ಒಂದೇ ದಿನ ಹೂ ಬಿಟ್ಟ, ಒಂದೇ ಎತ್ತರದ ಸಾಲುಗಳನ್ನು ಹೋಲಿಸಿದಾಗ ಮಾತ್ರ ನಿಜ ಹೊರಬರುತ್ತದೆ.

ಹಂತ 7: ಕೀಟಗಳು, ಅವು ತರುವ ವೈರಸ್

ಹೆಸ್ಸಿಯನ್ ನೊಣಕ್ಕೆ ಪರೀಕ್ಷೆ ಸುಲಭ. ಟ್ರೇಯಲ್ಲಿ ಸಸಿ ಬೆಳೆಸಿ, ಒಂದೆಲೆ ಇದ್ದಾಗ ನೊಣಗಳನ್ನು ಬಿಟ್ಟು ಬಲೆ ಮುಚ್ಚಿ. ಎರಡು ಮೂರು ವಾರದಲ್ಲಿ ದುರ್ಬಲ ಸಸಿಗಳು ಕುಳ್ಳಾಗಿ, ಕಡು ಹಸಿರಾಗಿ ನಿಲ್ಲುತ್ತವೆ. ನಿರೋಧಕ ಸಸಿಗಳು ಬೆಳೆದಿರುತ್ತವೆ, ಬುಡದ ಎಲೆಪೊರೆ ಬಿಡಿಸಿದರೆ ಸತ್ತ ಸಣ್ಣ ಹುಳು ಕಾಣುತ್ತದೆ. ಹುಳುವೇ ಇಲ್ಲದ ಸಸಿಯನ್ನು ನಿರೋಧಕ ಎಂದು ಬರೆಯಬೇಡಿ, ಅದಕ್ಕೆ ನೊಣ ಮೊಟ್ಟೆಯೇ ಇಟ್ಟಿಲ್ಲ. ಈ ನೊಣವೂ ತುಕ್ಕಿನ ಹಾಗೆ ಜೀನ್‌ಗೆ ಎದುರು ಜೀನ್ ಆಟ ಆಡುತ್ತದೆ.

ರಷ್ಯನ್ ಗೋಧಿ ಹೇನಿನಲ್ಲೂ ಅದೇ ಆಯಿತು. ಡಿಎನ್4 ಜೀನ್ ಇದ್ದ ಹಾಲ್ಟ್ ತಳಿ 1994ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಬಿಡುಗಡೆಯಾಯಿತು. 2003ರಲ್ಲಿ ಅದೇ ಕೊಲೊರಾಡೊದಲ್ಲಿ ಅದನ್ನು ಮುರಿಯುವ ಹೇನು ಕಾಣಿಸಿಕೊಂಡಿತು. ಪರೀಕ್ಷೆಯಲ್ಲಿ ನೋಡಬೇಕಾದದ್ದು ಎಲೆ ಸುರುಳಿ ಸುತ್ತುವುದು, ಬಿಳಿ ಗೆರೆ ಬೀಳುವುದು. ಸುರುಳಿಯೊಳಗೆ ಕೂತ ಹೇನಿಗೆ ಔಷಧಿಯೂ ತಾಗದು, ಅದನ್ನು ತಿನ್ನುವ ಕೀಟವೂ ತಲುಪದು. ಹಾಗಾಗಿ ಸುರುಳಿ ಸುತ್ತದ ಎಲೆಗೆ ಜಾಸ್ತಿ ಅಂಕ ಕೊಡಿ.

ಗರಗಸ ನೊಣದ ಮರಿಹುಳು ಟೊಳ್ಳು ಕಾಂಡದೊಳಗೆ ತಿರುಗಾಡಿ ಬುಡದಲ್ಲಿ ಕತ್ತರಿಸುತ್ತದೆ. ಕಾಂಡದೊಳಗೆ ತಿರುಳು ತುಂಬಿದ್ದರೆ ಅದಕ್ಕೆ ಜಾಗವೇ ಇಲ್ಲ. ಕೊಯ್ಲಿನ ಹೊತ್ತಿಗೆ ಕಾಂಡವನ್ನು ಗೆಣ್ಣುಗಳ ನಡುವೆ ಅಡ್ಡ ಕತ್ತರಿಸಿ, ಪ್ರತಿ ತುಂಡಿಗೂ 1ರಿಂದ (ಟೊಳ್ಳು) 5ರವರೆಗೆ (ಪೂರ್ತಿ ತಿರುಳು) ಅಂಕ ಹಾಕಿ ಕೂಡಿಸಿ. ಇದು ಕೀಟವೇ ಬೇಡದ ಪರೀಕ್ಷೆ, ಅಷ್ಟೊಂದು ಅಗ್ಗ. ಒಂದು ಕುಂದಿದೆ: ಕಾಂಡ ಬೆಳೆಯುವಾಗ ಮೋಡ ಕವಿದಿದ್ದರೆ ತಿರುಳು ಕಡಿಮೆಯಾಗುತ್ತದೆ. ಒಂದೇ ವರ್ಷದ ಅಂಕ ನಂಬಬೇಡಿ.

ವೈರಸ್‌ಗೆ ಎರಡು ಕಡೆಯಿಂದ ತಡೆ ಕಟ್ಟಬಹುದು. ವೈರಸ್ ಬೆಳೆಯದಂತೆ ಒಂದು ಜೀನ್, ಅದನ್ನು ತರುವ ನುಸಿ ನಿಲ್ಲದಂತೆ ಇನ್ನೊಂದು. ಗೆರೆ ಮೊಸಾಯಿಕ್‌ಗೆ ಬಳಸುವ ಡಬ್ಲ್ಯುಎಸ್‌ಎಂ1, ಡಬ್ಲ್ಯುಎಸ್‌ಎಂ2 ಎರಡೂ ತಂಪಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಬಿಸಿಲೇರಿದರೆ ಬಿಟ್ಟುಕೊಡುತ್ತವೆ. ಆದ್ದರಿಂದ ಗ್ರೀನ್‌ಹೌಸ್‌ನಲ್ಲಿ ತಂಪು, ಬಿಸಿ ಎರಡರಲ್ಲೂ ಪರೀಕ್ಷಿಸಿ.

ಹಂತ 8: ಮಾರ್ಕರ್ ಎಲ್ಲಿ ಬೇಕು, ಎಲ್ಲಿ ಬೇಡ

ಒಂದು ಚೂರು ಎಲೆಯಿಂದ ಜೀನ್ ಇದೆಯೋ ಇಲ್ಲವೋ ಹೇಳುವುದು ಮಾರ್ಕರ್. ಕಣ್ಣಿಗೆ ಕಾಣುವುದಕ್ಕೆ ಮಾರ್ಕರ್ ಖರ್ಚು ಮಾಡಬೇಡಿ. ಎರಡು ದೊಡ್ಡ ಜೀನ್ ಒಂದೇ ಗಿಡದಲ್ಲಿವೆಯಾ ಎಂದು ತಿಳಿಯಲು ಬೇಕು, ಏಕೆಂದರೆ ಎರಡೂ ಶುಚಿ ಎಲೆಯನ್ನೇ ಕೊಡುತ್ತವೆ. ದೊಡ್ಡ ಜೀನ್‌ನ ಮರೆಯಲ್ಲಿ ಕೂತ ಎಲ್‌ಆರ್34ನಂಥವನ್ನು ಹುಡುಕಲು ಬೇಕು. ರೋಗದ ತಾಕು ಹಾಕಲಾಗದ ಶತ್ರುವಿಗೆ ಬೇಕು. ಇಷ್ಟೇ.

ಹತ್ತಾರು ಸಣ್ಣ ಜೀನ್‌ಗಳು ಸೇರಿ ಬರುವ ನಿರೋಧಕತೆಗೆ ಒಂದೊಂದು ಮಾರ್ಕರ್ ಹಿಡಿದು ಹೋದರೆ ದಡ ಮುಟ್ಟುವುದಿಲ್ಲ. ತೆನೆ ಒಣಗು ರೋಗ, ಸೆಪ್ಟೋರಿಯಾ ಈ ಗುಂಪಿನವು. ಇಲ್ಲಿ ಇಡೀ ಜೀನೋಮಿನ ಸಾವಿರಾರು ಗುರುತುಗಳನ್ನು ಒಟ್ಟಿಗೆ ನೋಡಿ ಅಂದಾಜು ಹಾಕುವ ಜೀನೋಮಿಕ್ ಆಯ್ಕೆ ನೆರವಿಗೆ ಬರುತ್ತದೆ. ಆ ಅಂದಾಜಿನ ಗಟ್ಟಿತನ ನಿಂತಿರುವುದು ಹಿಂದಿನ ಹಂತದ ಹೊಲದ ಅಂಕಗಳ ಮೇಲೆಯೇ. ಅಂಕ ಕೆಟ್ಟಿದ್ದರೆ ಕಂಪ್ಯೂಟರ್ ಏನೂ ಮಾಡಲಾರದು.

ಹಂತ 9: ಚಳಿ, ಇಳುವರಿ, ಕಾಳು

ಚಳಿಗೆ ಸಾಯುವ ಗಿಡದ ರೋಗ ನಿರೋಧಕತೆಯಿಂದ ಯಾರಿಗೂ ಲಾಭವಿಲ್ಲ. ಆಯ್ದ ಸಾಲುಗಳನ್ನು ಹಿಮ ಕಡಿಮೆ ಹೊದಿಸುವ, ಗಾಳಿಗೆ ತೆರೆದ ಜಾಗದಲ್ಲಿ ಬಿತ್ತಿ, ವಸಂತದಲ್ಲಿ ನೂರಕ್ಕೆ ಎಷ್ಟು ಬದುಕಿದವು ಎಂದು ಬರೆಯಿರಿ. ತಂಪು ಕಡಿಮೆಯಾದ ಚಳಿಗಾಲ ಏನನ್ನೂ ಹೇಳುವುದಿಲ್ಲ, ಹಾಗಾಗಿ ಹಲವು ಜಾಗ, ಹಲವು ವರ್ಷ.

ಐದಾರನೆಯ ಪೀಳಿಗೆಯಿಂದ ಇಳುವರಿ ತಾಕು ಶುರು. ಮೊದಲ ವರ್ಷ ಎರಡು ಪುನರಾವರ್ತನೆ, ಮುಂದೆ ಮೂರು ನಾಲ್ಕು, ಜಾಗಗಳೂ ಹೆಚ್ಚಲಿ. ಪ್ರತಿ ಸಾಲನ್ನೂ ಎರಡು ಥರ ಬೆಳೆಸಿ: ಒಂದಕ್ಕೆ ಶಿಲೀಂಧ್ರನಾಶಕ ಪೂರ್ತಿ, ಇನ್ನೊಂದಕ್ಕೆ ಏನೂ ಇಲ್ಲ. ಎರಡರ ನಡುವಿನ ಅಂತರ ಕಡಿಮೆ ಇದ್ದಷ್ಟೂ ನಿರೋಧಕತೆ ಕೆಲಸ ಮಾಡುತ್ತಿದೆ. ಆದರೆ ಔಷಧಿ ಹಾಕಿದ ತಾಕಿನಲ್ಲೇ ಇಳುವರಿ ಕಡಿಮೆ ಇದ್ದರೆ ಆ ಸಾಲನ್ನು ಬಿಡಿ, ಮುಂದಿನ ಸಂಕರಕ್ಕೆ ತಾಯಿಯಾಗಿ ಇಟ್ಟುಕೊಳ್ಳಿ. ಶುಚಿ ಎಲೆಯ ಕಾರಣಕ್ಕೆ ಕಡಿಮೆ ಇಳುವರಿಯ ತಳಿಯನ್ನು ಯಾವ ರೈತನೂ ಎರಡನೇ ವರ್ಷ ಬಿತ್ತುವುದಿಲ್ಲ. ಪ್ರೋಟೀನ್, ಹಿಟ್ಟಿನ ಗುಣವನ್ನು ಇಲ್ಲೇ ನೋಡಿ, ಕೊನೆಗೆ ಇಡಬೇಡಿ.

ಹಂತ 10: ಬಿಡುಗಡೆ, ಆಮೇಲಿನ ಕಾವಲು

ಬಿಡುಗಡೆಗೆ ತಳಿ ಬೇರೆಯದಾಗಿ, ಏಕರೂಪವಾಗಿ, ಸ್ಥಿರವಾಗಿ ಇದೆ ಎಂದು ತೋರಿಸಬೇಕು. ನೂರಾರು ತೆನೆಗಳನ್ನು ಬೇರೆ ಬೇರೆ ಸಾಲಾಗಿ ಬಿತ್ತಿ, ಭಿನ್ನವಾಗಿ ಕಂಡ ಸಾಲುಗಳನ್ನು ಕಿತ್ತು, ಉಳಿದದ್ದನ್ನು ಸೇರಿಸಿ ಮೂಲ ಬೀಜ ಮಾಡಿ. ಸ್ವಲ್ಪ ಬೀಜವನ್ನು ಒಣಗಿಸಿ ತಣ್ಣಗೆ ಎತ್ತಿಡಿ.

ಯಾವ ಜೀನ್‌ಗಳು ತಳಿಯಲ್ಲಿವೆ ಎಂದು ಬಹಿರಂಗವಾಗಿ ಹೇಳಿ. ಅಕ್ಕಪಕ್ಕದ ಹೊಲಗಳೆಲ್ಲ ಒಂದೇ ಜೀನ್ ಮೇಲೆ ನಿಂತಿವೆಯಾ ಎಂದು ಬೆಳೆಗಾರರಿಗೆ ಗೊತ್ತಾಗುವುದು ಆಗಲೇ. ಕೆನಡಾದಲ್ಲಿ ಗೋಧಿಯ ತೆನೆಗೆ ಬೀಳುವ ಕಿತ್ತಳೆ ಬಣ್ಣದ ಸಣ್ಣ ನೊಣವನ್ನು (ಮಿಡ್ಜ್) ತಡೆಯುವ ಎಸ್‌ಎಂ1 ಜೀನ್ ಇರುವ ವಸಂತ ಗೋಧಿಯನ್ನು ಬೇಕೆಂದೇ ಶೇ 10ರಷ್ಟು ದುರ್ಬಲ ತಳಿಯ ಬೀಜ ಬೆರೆಸಿ ಮಾರುತ್ತಾರೆ. ಆ ಹತ್ತು ಭಾಗದಲ್ಲಿ ಹಳೆಯ ನೊಣಗಳು ಬದುಕಿ, ಜೀನ್ ಮುರಿಯುವ ನೊಣಗಳ ಜೊತೆ ಕೂಡುತ್ತವೆ. ಹೊಸ ಗುಣ ಬೇಗ ಗಟ್ಟಿಯಾಗುವುದಿಲ್ಲ. ಚಳಿಗಾಲದ ಗೋಧಿಯ ಕೀಟಗಳಿಗೂ ಈ ಉಪಾಯ ಯೋಚಿಸಬಹುದು.

ಕೊನೆಯದಾಗಿ ಕಾವಲು ತಾಕು. ಒಂದೊಂದೇ ಜೀನ್ ಇರುವ ಸಾಲುಗಳನ್ನು ಔಷಧಿ ಹಾಕದೆ ಪ್ರತಿ ವರ್ಷ ಹಲವು ಜಾಗದಲ್ಲಿ ಬಿತ್ತಿ. ನಿಮ್ಮ ತಳಿಯ ಯಾವುದೋ ಜೀನ್ ಇರುವ ಸಾಲಿನಲ್ಲಿ ಇದ್ದಕ್ಕಿದ್ದಂತೆ ದೊಡ್ಡ ತುಕ್ಕಿನ ಚುಕ್ಕೆ ಕಂಡರೆ, ಆ ಎಲೆಯನ್ನು ಕಾಗದದ ಲಕೋಟೆಯಲ್ಲಿ ಒಣಗಿಸಿ ರೋಗಾಣು ಗುರುತಿಸುವ ಲ್ಯಾಬಿಗೆ ಕಳಿಸಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಬೀಜಕ ಸಾಯುತ್ತದೆ. ರೂಪ ಹೊಸದು ಎಂದು ಖಾತರಿಯಾದ ದಿನವೇ ಆ ಜೀನನ್ನು ಸಂಕರದ ಪಟ್ಟಿಯಿಂದ ತೆಗೆದು, ಅದರ ಬದಲಿಗೆ ಯಾವುದು ಎಂದು ಹಂತ 3ರ ದಾನಿಗಳಲ್ಲಿ ಹುಡುಕಲು ಶುರು ಮಾಡಿ.